ನೀಲಿ ಐತಾ?

ನಮ್ಮ ಭಾವನ ಪಕ್ಕದಲ್ಲಿ ಕೂತು ಒಂದು ಲೋಟ ಮಜ್ಜಿಗೆಯನ್ನು ನೆಮ್ಮದಿಯಾಗಿ ಕುಡಿದು ಎದ್ದವರು ಹೊಸಕೋಟೆ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ನಾನೇ ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ. ಮಜ್ಜಿಗೆಯೊಂದೇ ಅಲ್ಲ. ಹಾಲು, ಅಕ್ಕಿ ತೊಳೆದ ನೀರು, ಗೋಡೆಗೆ ಬಳಿಯಲು ಕಲಸಿಟ್ಟ ಸುಣ್ಣ, ಹೀಗೆ ಬೆಳ್ಳಗಿದ್ದು ಹರಿಯುವ ಯಾವ ಪದಾರ್ಥ ಅವರ ಕಣ್ಣಿಗೆ ಬಿದ್ದರೂ ಮುಗಿಯಿತು. ನಿಮ್ಮ ಕೈಯಲ್ಲಿದ್ದ ಲೋಟ ಅವರ ಕೈಗೆ ಹೋಗಿರುತ್ತದೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ಓರೆ ಮಾಡಿ, ಗಾಜಿಗೆ ಅಂಟಿಕೊಂಡು ಇಳಿಯುವ ತೆಳ್ಳನೆಯ ಅಂಚನ್ನು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಆಮೇಲೆ ತೀರ್ಪು ಬರುತ್ತದೆ. "ನೀಲಿ ಐತೆ." ಇಲ್ಲವೇ, "ನೀಲಿ ಇಲ್ಲ." ಲೋಟ ನಿಮಗೆ ವಾಪಸ್ಸು ಸಿಗುವ ಹೊತ್ತಿಗೆ ಬಾಯಾರಿಕೆ ಹೋಗಿ ತಲೆನೋವು ಬಂದಿರುತ್ತದೆ.

ಅವರ ಮನೆಯಲ್ಲಿ ಸ್ಟೀಲಿನ ಲೋಟವೇ ಇಲ್ಲ. "ಸ್ಟೀಲು ಸುಳ್ಳು ಹೇಳುತ್ತೆ" ಎಂದು ಎಲ್ಲವನ್ನೂ ಅಟ್ಟಕ್ಕೆ ಹಾಕಿಸಿ ಗಾಜಿನ ಲೋಟ ತಂದಿಟ್ಟರು. ನಮ್ಮಕ್ಕ ಮದುವೆಯಾಗಿ ಅನುಗೊಂಡನಹಳ್ಳಿಯ ಆ ಮನೆಗೆ ಹೋದಾಗಿನಿಂದ ಒಡೆದ ಗಾಜನ್ನೆಲ್ಲ ಜೋಡಿಸಿದ್ದರೆ ಇಷ್ಟೊತ್ತಿಗೆ ಒಂದು ಬಸ್ಸಿನ ಕಿಟಕಿಗಳಿಗೆ ಆಗುತ್ತಿತ್ತು.

ನಾನು ಹೊಸಕೋಟೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸುವವಳು. ತಿದ್ದುವುದು ನನ್ನ ಕಸುಬು. ಭಾವನನ್ನೂ ತಿದ್ದಲು ನೋಡಿದೆ.

"ಐತೆ ಅಲ್ಲ ಭಾವ, ಇದೆ ಅನ್ನಿ. ನೀಲಿ ಇದೆ."

"ಇದೆ ಅಂದ್ರೆ ನೀಲಿ ಜಾಸ್ತಿ ಬತ್ತದಾ ಮೇಷ್ಟ್ರಮ್ಮ?"

ಅಲ್ಲಿಗೆ ನನ್ನ ಪಾಠ ಮುಗಿಯಿತು. ಅವರು ಸುಧಾರಿಸುತ್ತಾರೆ ಎಂಬ ಆಸೆಯನ್ನು ನಾನು ಆವತ್ತೇ ಬಿಟ್ಟೆ. ಆಸೆ ಬಿಡುವ ಅಭ್ಯಾಸ ಅಲ್ಲಿಂದ ಶುರುವಾಗಿದ್ದು, ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಭಾವ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹಾಲು ಮಾಡಿದರು. ಹಸುವಿಲ್ಲದ ಹಾಲು. ಮನೆಯೆತ್ತರದ ಸ್ಟೀಲಿನ ಹಂಡೆಗೆ ನೀರು, ಸೋಪಿನಂಥದ್ದೇನೋ ಒಂದು, ಮೂಗು ಮುಚ್ಚಿಕೊಳ್ಳಬೇಕಾದಂಥ ವಾಸನೆಯ ರಾಸಾಯನಿಕ ಇವನ್ನೆಲ್ಲ ಬಿಟ್ಟು, ಬಿಸಿ ಮಾಡುತ್ತಾ ಗಂಟೆಗಟ್ಟಲೆ ತಿರುಗಿಸಿದರೆ ಕೊನೆಗೆ ಬೆಳ್ಳನೆಯ ದ್ರವ ಬರುತ್ತದೆ. ಕಂಪನಿಯ ಕಾಗದದಲ್ಲಿ ಅದರ ಹೆಸರು ಪಾಲಿಮರ್ ಎಮಲ್ಷನ್. ಕೆಲಸಗಾರರ ಬಾಯಲ್ಲಿ ಅದು ಹಾಲು. ಆ ಹಾಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ಕಿನ ಗುಂಡುಗಳು ತೇಲುತ್ತಿರುತ್ತವೆ. ಓದಿದವರು ಅವನ್ನು ನ್ಯಾನೋ ಪಾರ್ಟಿಕಲ್ ಅನ್ನುತ್ತಾರೆ. ನಮ್ಮ ಭಾವ ಕಾಳು ಅನ್ನುತ್ತಾರೆ.

"ಎಷ್ಟು ಸಣ್ಣ ಇರುತ್ತೆ ಭಾವ?" ಎಂದು ಒಂದು ಸಲ ಕೇಳುವ ತಪ್ಪು ಮಾಡಿದೆ.

"ಒಂದು ರಾಗಿ ಕಾಳು ತಗೋ. ಅದನ್ನ ನಮ್ಮೂರ ಓವರ್‌ಹೆಡ್ ಟ್ಯಾಂಕಿನಷ್ಟು ಊದ್ಸು. ಊದ್ಸಿದ್ಯಾ?"

"ಊದಿಸಿದೆ."

"ಈಗ ನನ್ನ ಕಾಳೂ ಅದೇ ಲೆಕ್ಕಕ್ಕೆ ಊದ್ತದಲ್ಲ, ಅದು ರಾಗಿ ಕಾಳಿನಷ್ಟಾಯ್ತದೆ."

ಆ ದಿನದಿಂದ ನಮ್ಮೂರ ಟ್ಯಾಂಕು ಕಂಡಾಗಲೆಲ್ಲ ನನಗೆ ಮುದ್ದೆಯ ನೆನಪಾಗುತ್ತದೆ.

ಈ ಕಾಳು ದಪ್ಪವಾದರೆ ಹಾಲು ಬರೀ ಬಿಳಿ. ಸಣ್ಣಗೆ, ಒಂದೇ ಸಮ ಬಂದರೆ ತೆಳು ಅಂಚಿನಲ್ಲಿ ಬೆಳಕು ಚದುರಿ ನೀಲಿ ಹೊಡೆಯುತ್ತದೆ. ಕಾರ್ಖಾನೆಯ ಲ್ಯಾಬಿನಲ್ಲಿ ಕಾಳಿನ ಗಾತ್ರ ಅಳೆಯುವ ಮೆಷಿನ್ ಇತ್ತಂತೆ. ಆದರೆ ಮೆಷಿನ್ ಕಾಗದ ಉಗುಳುವ ಮೊದಲೇ ಭಾವ ಗಾಜಿನ ಲೋಟ ಓರೆ ಮಾಡಿ ಹೇಳಿಬಿಡುತ್ತಿದ್ದರು, ಮೆಷಿನ್ ಆಮೇಲೆ ಹೂಂ ಅನ್ನುತ್ತಿತ್ತು. ಸಾಹೇಬರುಗಳು ಪರದೇಶದ ಅತಿಥಿಗಳನ್ನು ಕರೆತಂದು ಇವರನ್ನು ತೋರಿಸುತ್ತಿದ್ದರಂತೆ. ಇದನ್ನು ಭಾವ ನನಗೆ ಕಡಿಮೆ ಅಂದರೆ ಅರವತ್ತು ಸಲ ಹೇಳಿದ್ದಾರೆ, ಪ್ರತಿ ಸಲವೂ ಅತಿಥಿಗಳು ಬೇರೆ ದೇಶದವರು.

ಜಗತ್ತಿನಲ್ಲಿ ಏನೇ ಹೊಳೆಯಲಿ, ಅಂಟಲಿ, ಅದರಲ್ಲಿ ತಮ್ಮ ಕಾಳಿದೆ ಎಂಬುದು ಅವರ ನಂಬಿಕೆ. ಮುಕ್ಕಾಲು ಪಾಲು ನಿಜವೂ ಹೌದು. ಗೋಡೆಯ ಪೇಂಟಿಗೆ ಅದು ಬೇಕು, ಹಾಸಿಗೆಯ ಮೇಲಿನ ಹೂವಿನ ಪ್ರಿಂಟಿಗೆ ಬೇಕು, ಬೂಟಿನ ಮಿರುಗಿಗೆ, ತಾರಸಿ ಸೋರದಂತೆ ಬಳಿಯುವ ಲೇಪಕ್ಕೆ, ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಬೇಕಾದ ಮಾತ್ರೆಯ ಹೊದಿಕೆಗೂ ಬೇಕು. ಯಾರಾದರೂ ಮದುವೆಯ ಪತ್ರಿಕೆ ಕೊಟ್ಟರೆ ಭಾವ ಓದುವುದಿಲ್ಲ, ಹೆಬ್ಬೆರಳಿನಿಂದ ಉಜ್ಜಿ ಹೊಳಪು ನೋಡಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹಾಗಾಗಿ ಎರಡು ಮದುವೆಗೆ ತಪ್ಪಿದ ದಿನ ಹೋಗಿದ್ದಾರೆ. ಒಂದರಲ್ಲಿ ಊಟವನ್ನೂ ಮಾಡಿ, ಗೊತ್ತಿಲ್ಲದ ಹುಡುಗ ಹುಡುಗಿಗೆ ಅಕ್ಷತೆ ಹಾಕಿ ಬಂದರು.

ಅಕ್ಕ ಹಣೆಗಿಡುವ ಸ್ಟಿಕ್ಕರಿನ ಅಂಟು ಕೂಡ ಆ ಹಾಲಿನದೇ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳ ಹಣೆಯ ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒತ್ತಿ, "ಹಿಡ್ದೈತೆ" ಎಂದು ಹೇಳಿ ಹೋಗುವುದು ಅವರ ದಿನಚರಿ. ಹೊಸದಾಗಿ ನೋಡಿದವರು ಎಂಥಾ ಪ್ರೀತಿಯ ಗಂಡ ಅಂದುಕೊಳ್ಳುತ್ತಿದ್ದರು. ಅಕ್ಕ ಮಾತ್ರ, "ಪ್ರೀತಿ ಗೀತಿ ಏನಿಲ್ಲ, ಬ್ಯಾಚು ಚೆಕ್ ಮಾಡ್ತಾರೆ ಅಷ್ಟೇ" ಅನ್ನುತ್ತಿದ್ದಳು.

ಇಂಥವರನ್ನು ಹೆಣ್ಣು ನೋಡಲು ಯಾರಾದರೂ ಕರೆದುಕೊಂಡು ಹೋಗುತ್ತಾರೆಯೇ? ನಾವು ಹೋದೆವು. ಅವರ ಅಣ್ಣನ ಮಗನಿಗೆ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಒಂದು ಸಂಬಂಧ ಬಂದಿತ್ತು. ರೇಷ್ಮೆ ನೂಲು ಹುರಿ ಮಾಡುವ ಮನೆ, ಹಿತ್ತಲಲ್ಲಿ ಹಸುಗಳು, ಹುಡುಗಿಯ ಅಪ್ಪ ಊರ ಹಾಲಿನ ಡೇರಿಯ ಅಧ್ಯಕ್ಷ. ಹುಡುಗಿ ಲಕ್ಷಣವಾಗಿದ್ದಳು. ಮಾತೆಲ್ಲ ಸರಿಹೋಗಿ, ಇನ್ನೇನು ದಿನ ನೋಡಿಸೋಣ ಎನ್ನುವಾಗ ಬಿಸಿ ಹಾಲು ಬಂತು. ಗಾಜಿನ ಲೋಟದಲ್ಲಿ!

ಅಕ್ಕ ಅವರ ತೊಡೆ ಚಿವುಟಿದಳು. ನಾನು ಆ ಕಡೆಯಿಂದ ಕಾಲು ತುಳಿದೆ. ಭಾವನ ಕೈ ಆಗಲೇ ಕಿಟಕಿಯ ಕಡೆಗೆ ಎದ್ದಿತ್ತು.

"ಭೇಷ್," ಅಂದರು ಭಾವ, ಮನಸ್ಸು ತುಂಬಿ. "ನಿಮ್ಮ ಹಾಲು ಒಳ್ಳೆ ನೀಲಿ ಹೊಡೀತೈತೆ ಯಜಮಾನ್ರೇ."

ಕಾರ್ಖಾನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆದರೆ ಹಾಲಿನ ಡೇರಿಯಲ್ಲಿ ನೀಲಿ ಅಂದರೆ ಒಂದೇ ಅರ್ಥ, ಹಾಲಿಗೆ ನೀರು ಹಾಕಿದ್ದೀರಿ ಅಂತ. ಡೇರಿಯ ಅಧ್ಯಕ್ಷನ ಮನೆಯಲ್ಲಿ, ಅವನ ಹೆಂಡತಿ ಮಕ್ಕಳ ಎದುರಿಗೆ, ಬೀಗರಾಗಬೇಕಾದವರು ಆಡುವ ಮಾತೇ ಇದು? ಯಜಮಾನರ ಮುಖ ಕಪ್ಪಿಟ್ಟಿತು.

"ನಮ್ಮನೇಲಿ ನೀರು ಬೆರೆಸೋ ಪದ್ಧತಿ ಇಲ್ಲ ಸ್ವಾಮಿ."

ಅಲ್ಲಿಗೆ ಸುಮ್ಮನಾಗಿದ್ದರೂ ಉಳಿಯುತ್ತಿತ್ತು. ಭಾವ ಸಮಾಧಾನ ಮಾಡಲು ಹೋದರು. "ಅಯ್ಯೋ, ಬೆರೆಸಿದ್ರೆ ಏನೀಗ? ನಾವೂ ಅರ್ಧಕ್ಕರ್ಧ ನೀರೇ ಹಾಕೋದು!"

ನಾವು ಬಸ್‌ ಸ್ಟ್ಯಾಂಡು ಮುಟ್ಟಿದ್ದು ಆ ಹಾಲನ್ನು ಕುಡಿಯದೆಯೇ. ಬಸ್ಸಿನಲ್ಲಿ ಕೂತ ಮೇಲೆ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರು ಮಾಡಿದವಳು ದೇವನಹಳ್ಳಿ ದಾಟಿದರೂ ನಿಲ್ಲಿಸಲಿಲ್ಲ. ಸಂಬಂಧ ತಪ್ಪಿಹೋದ ಭಾವನ ಅಣ್ಣನ ಮಗ ಮುಂದಿನ ಸೀಟಿನಲ್ಲಿ ಕೂತು ತಿರುಗಿ ತಿರುಗಿ ನೋಡುತ್ತಿದ್ದ. ಅವಳು ಅಷ್ಟು ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ, ಅದಕ್ಕೇ ಆ ಪ್ರಯಾಣ ನನಗೆ ಇಷ್ಟು ಚೆನ್ನಾಗಿ ನೆನಪಿದೆ.

ಕೆಲಸದ ಕೊನೆಯ ವರ್ಷ ಭಾವ ಮೆಷಿನ್ ಜೊತೆ ಜಗಳ ಆಡಿದರು. ಒಂದು ಬ್ಯಾಚಿಗೆ ಮೆಷಿನ್ ಕಾಳು ಸಣ್ಣಗಿದೆ ಅಂದಿತು, ಭಾವ ನೀಲಿ ಇಲ್ಲ ಅಂದರು. ಮರುವಾರವೂ ಅದೇ ಆಯಿತು. ಲ್ಯಾಬಿನವರು ಮೂರು ಸಲ ಅಳೆದು ತೋರಿಸಿದರು. ಭಾವ ಒಪ್ಪಲಿಲ್ಲ. "ಮೆಷಿನ್ನಿಗೆ ವಯಸ್ಸಾಗೈತೆ, ಕಣ್ಣು ಮಂಜಾಗೈತೆ" ಎಂದು ಎಲ್ಲರ ಎದುರಿಗೆ ಹೇಳಿ ಬಂದರಂತೆ. ಮೆಷಿನ್ ಇನ್ನೂ ಅಲ್ಲೇ ಇದೆ. ಭಾವನಿಗೆ ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಅವರು ಮನೆಯಲ್ಲಿ ಕೂತ ಆರನೇ ತಿಂಗಳಿಗೆ ಅಕ್ಕನ ಎದೆಯಲ್ಲಿ ಗೆಡ್ಡೆ ಸಿಕ್ಕಿತು. ಅವಳಿಗೆ ಅದು ಮೊದಲೇ ಗೊತ್ತಿತ್ತು, ರಾಗಿ ಬಿತ್ತನೆ ಮುಗಿಯಲಿ ಎಂದು ಸುಮ್ಮನಿದ್ದಳು. ಈ ಮಾತು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬಿತ್ತನೆಗೂ ಜೀವಕ್ಕೂ ಇವಳು ಹೋಲಿಕೆ ಮಾಡಿ ನೋಡಿದಳಲ್ಲ, ಯಾರನ್ನು ಕೇಳಿ ಮಾಡಿದಳು?

ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗೆಡ್ಡೆ ದೊಡ್ಡದಿದೆ, ಮೊದಲು ಔಷಧಿ ಕೊಟ್ಟು ಕುಗ್ಗಿಸಿ ನೋಡೋಣ ಎಂದು ಸಮಾಧಾನವಾಗಿ ಹೇಳಿದಳು. ನಾನು ಅಳುತ್ತಿದ್ದೆ. ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಡಾಕ್ಟರು ಮುಂದುವರಿಸಿ, "ಈ ಔಷಧಿನ ಪಾಲಿಮರ್ ನ್ಯಾನೋ ಪಾರ್ಟಿಕಲ್ ಒಳಗಿಟ್ಟು ಕೊಡ್ತೀವಿ. ಗೆಡ್ಡೆಯ ರಕ್ತನಾಳ ಸ್ವಲ್ಪ ಸೋರುತ್ತೆ, ಇವು ಅಲ್ಲಿ ನುಸುಳಿ ನಿಲ್ಲೋ ಸಾಧ್ಯತೆ ಜಾಸ್ತಿ" ಅಂದಳು.

ಭಾವನ ಮುಖ ನೋಡಿ ನನಗೆ ಗಾಬರಿಯಾಯಿತು. ಆ ಮನುಷ್ಯ ನಗುತ್ತಿದ್ದರು.

"ಎಷ್ಟು ನ್ಯಾನೋಮೀಟರು ಮೇಡಂ?"

ಡಾಕ್ಟರು ಪೆನ್ನು ಕೆಳಗಿಟ್ಟಳು. "ನೂರರೊಳಗೆ. ಯಾಕೆ?"

"ಒಳ್ಳೆ ಕಾಳು. ಒಡೆಯಲ್ಲ ತಾನೇ? ಸೋಪು ಯಾವುದು ಹಾಕ್ತಾರೆ?"

"ನೀವು ಏನು ಕೆಲಸ ಮಾಡ್ತೀರಿ?"

"ಅದೇ ಮಾಡ್ತಿದ್ದೆ ಮೇಡಂ. ಮೂವತ್ತು ವರ್ಷ."

ಆ ಔಷಧಿಯ ಪಾಲಿಮರ್ ಕೆಲಸ ಮುಗಿದ ಮೇಲೆ ಮೈಯೊಳಗೇ ಕರಗಿ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಭಾವ ಕೈ ಮುಗಿದರು. ನನ್ನ ಕಾಳು ಗೋಡೆ ಮೇಲೆ ಹತ್ತು ವರ್ಷ ಕೂತಿರೋದು, ಇದು ಬಂದ ಕೆಲಸ ಮುಗಿಸಿ ಎದ್ದು ಹೋಗುತ್ತಲ್ಲ ಎಂದು ದಾರಿಯುದ್ದಕ್ಕೂ ಹೊಗಳಿದರು. ಅಕ್ಕನಿಗೆ ಅರ್ಥ ಮಾಡಿಸಿದ್ದೂ ಅವರೇ. "ಕಹಿ ಮಾತ್ರೆನ ಮುದ್ದೆ ಒಳಗಿಟ್ಟು ನುಂಗಿಸ್ತಿರಲಿಲ್ವಾ ನಿಮ್ಮವ್ವ? ಅದೇ ಇದು. ಮುದ್ದೆ ಮಾತ್ರ ಬಲು ಸಣ್ಣದು."

"ಹಂಗಾದ್ರೆ ನನ್ನ ಮೈಯೊಳಗೆ ಪೇಂಟು ಹೋಯ್ತದೆ ಅನ್ನಿ."

"ಪೇಂಟಲ್ಲ ಕಣೇ. ಪೇಂಟಿನ ತಂಗಿ."

"ತಂಗಿ ಅಂದ್ರೆ ಗೊತ್ತಲ್ಲ," ಎಂದು ಅಕ್ಕ ನನ್ನ ಕಡೆ ಕೈ ತೋರಿಸಿದಳು. "ಬಂದ್ರೆ ಮಾತೇ ನಿಲ್ಲಲ್ಲ, ಕೆಲಸ ಮಾತ್ರ ಆಗಲ್ಲ."

ಮೊದಲ ದಿನ ನರ್ಸು ಪುಟ್ಟ ಸೀಸೆಯ ಬಿಳಿ ಪುಡಿಗೆ ನೀರು ಬಿಟ್ಟು ಅಂಗೈಯಲ್ಲಿ ನಿಧಾನವಾಗಿ ಹೊರಳಿಸುತ್ತಿದ್ದರೆ ಭಾವ ಉಸಿರು ಹಿಡಿದು ನಿಂತಿದ್ದರು. "ಜೋರಾಗಿ ಅಲ್ಲಾಡಿಸ್ಬೇಡಿ ಸಿಸ್ಟರ್, ನೊರೆ ಬಂದ್ರೆ ಕೆಡ್ತದೆ." "ಗೊತ್ತು ಅಂಕಲ್, ನಾವೂ ಕಲಿತಿದ್ದೀವಿ." ಚೀಲವನ್ನು ಕಂಬಿಗೆ ನೇತು ಹಾಕಿದ ಮೇಲೆ ಅವರು ಬಗ್ಗಿ, ಕಿಟಕಿಯ ಬೆಳಕು ಅದರ ಅಂಚಿನ ಮೇಲೆ ಬೀಳುವ ಹಾಗೆ ನಿಂತು, ಒಂದು ಕಣ್ಣು ಮುಚ್ಚಿದರು. ಅಕ್ಕ ಹಾಸಿಗೆಯಿಂದ ನೋಡುತ್ತಿದ್ದಳು. ಅವಳ ಕೈಯೊಂದು ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

"ನೀಲಿ ಐತಾ?" ಎಂದು ಕೇಳಿದಳು.

"ಐತೆ."

ಅವಳ ಕೈ ಸಡಿಲವಾಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ವರ್ಷ ನಮ್ಮ ಜೀವ ತಿಂದ ಆ ಒಂದು ಮಾತು ಮೊದಲ ಸಲ ಯಾರಿಗೋ ಉಪಯೋಗಕ್ಕೆ ಬಂತು.

ಅಲ್ಲಿಂದ ಮೂರು ವಾರಕ್ಕೊಮ್ಮೆ ಇದೇ ಪೂಜೆ. ಚೀಲ ನೇತಾಡಬೇಕು, ಭಾವ ಬಗ್ಗಬೇಕು, ಅಕ್ಕ ಕೇಳಬೇಕು, ಐತೆ ಅನ್ನಬೇಕು, ಆಮೇಲೆಯೇ ಹನಿ ಬಿಡಬೇಕು. ನರ್ಸುಗಳು ಕೂಡ ಕಾಯಲು ಕಲಿತರು. ಭಾವನಿಗೆ ನೀಲಿ ಅಂಕಲ್ ಎಂದು ಹೆಸರು ಬಿತ್ತು. ಅಕ್ಕಪಕ್ಕದ ಹಾಸಿಗೆಯವರು, ನಮ್ಮದನ್ನೂ ಒಂದು ಸಲ ನೋಡಿ ಸಾರ್ ಎಂದು ಕರೆಯತೊಡಗಿದರು. ಕರೆಯದಿದ್ದರೂ ಹೋಗುವ ಪೈಕಿ ಇವರು. ಒಂದು ದಿನ ಚಿಂತಾಮಣಿ ಕಡೆಯ ಒಬ್ಬ ಅಜ್ಜಿಗೆ ಸಲೈನ್ ಹಾಕಿದ್ದರು. ಭಾವ ಅದನ್ನು ಬೆಳಕಿಗೆ ನೋಡಿ, ಮರುಕದಿಂದ ತಲೆ ಅಲ್ಲಾಡಿಸಿ, "ಇದರಲ್ಲಿ ಕಾಳೇ ಇಲ್ವಲ್ಲ. ಬರೀ ನೀರು" ಎಂದುಬಿಟ್ಟರು. ಅಜ್ಜಿಯ ಮೂವರು ಗಂಡುಮಕ್ಕಳು ನರ್ಸಿನ ಮೇಲೆ ಎಗರಿದರು. ನಮ್ಮಮ್ಮನಿಗೆ ನೀರು ಹಾಕ್ತಿದ್ದೀರಾ ಎಂಬ ಅವರ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು. ಅದು ಉಪ್ಪುನೀರೇ, ಎಲ್ಲರಿಗೂ ಹಾಕುವುದೇ, ಹಾಗೆಯೇ ಇರಬೇಕಾದ್ದು ಎಂದು ಆ ಡಾಕ್ಟರು ಬಂದು ಬಿಡಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ವಿಜಯಪುರದ ಹಾಲು ಆದಮೇಲೂ ಬುದ್ಧಿ ಬರಲಿಲ್ಲವಲ್ಲ ಎಂದು ನಾನು ಹಣೆ ಚಚ್ಚಿಕೊಂಡೆ.

ಅಕ್ಕನ ತಲೆಗೂದಲು ಉದುರಿತು. ಹುಬ್ಬೂ ಹೋಯಿತು. ಹಣೆಯ ಸ್ಟಿಕ್ಕರು ಮಾತ್ರ ಇತ್ತು. ಕನ್ನಡಿ ನೋಡಿಕೊಂಡು, "ಮುಖದಲ್ಲಿ ನಂದು ಅಂತ ಏನೂ ಉಳೀಲಿಲ್ಲ ಕಣೇ, ನಿಮ್ಮ ಭಾವಂದು ಮಾತ್ರ ಉಳೀತು" ಅಂದಳು. ಭಾವ ಹೆಬ್ಬೆರಳಿನಿಂದ ಒತ್ತಿ, ಹಿಡ್ದೈತೆ ಎಂದರು.

ವಾರ್ಡಿನಲ್ಲಿ ಏಸಿಯ ಚಳಿ. ಅಕ್ಕನ ನೀಲಿ ಸ್ವೆಟರ್ ತನ್ನಿ ಎಂದು ನಾನು ಹೇಳಿ ಕಳಿಸಿದರೆ ಭಾವ ಬೂದಿ ಬಣ್ಣದ್ದು ತಂದರು. ಮುಂದಿನ ಸಲವೂ ಬೂದಿಯದನ್ನೇ ತಂದರು. ನನಗೆ ರೇಗಿಹೋಯಿತು. "ಜೀವಮಾನವೆಲ್ಲ ನೀಲಿ ನೀಲಿ ಅಂತ ಕುಣಿದಿದ್ದೀರಿ, ಒಂದು ಸ್ವೆಟರ್ ಗೊತ್ತಾಗಲಿಲ್ಲವಾ ಭಾವ?" ಅವರು ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ನೆಲ ನೋಡಿದರು. ಅಕ್ಕ, "ಬಿಡು, ಬೂದಿಯದೇ ಬೆಚ್ಚಗಿರೋದು" ಎಂದು ಅದನ್ನೇ ಹಾಕಿಕೊಂಡಳು.

ಗೆಡ್ಡೆ ಮೊದಲು ಕುಗ್ಗಿತು. ನಾವು ಮೂವರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಜಾಮೂನು ತಿಂದೆವು. ಆಮೇಲಿನ ಸ್ಕ್ಯಾನಿನಲ್ಲಿ ಅದು ಬೆನ್ನುಮೂಳೆಗೂ ಲಿವರಿಗೂ ಹೋಗಿತ್ತು. ಡಾಕ್ಟರು ಔಷಧಿ ಬದಲಾಯಿಸಿ ನೋಡಿದಳು. ಒಂದು ದಿನ ಭಾವನನ್ನೂ ನನ್ನನ್ನೂ ಹೊರಗೆ ಕರೆದು, ಇನ್ನು ಇಲ್ಲಿ ಇಟ್ಟುಕೊಂಡು ನೋಯಿಸುವುದು ಬೇಡ, ಮನೆಯಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಅಂದಳು. ಅವಳ ಕಣ್ಣಲ್ಲೂ ನೀರಿತ್ತು. ಅವಳು ಮಾಡಬೇಕಾದ್ದೆಲ್ಲ ಮಾಡಿದ್ದಳು. ಯಾರ ಮೇಲಾದರೂ ಕೋಪ ಮಾಡಿಕೊಳ್ಳಬಹುದಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಭಾವ ಕೋಪ ಮಾಡಿಕೊಂಡಿದ್ದು ಕಾಳಿನ ಮೇಲೆ. ಮನೆಗೆ ಬಂದು, ಔಷಧಿ ಮಾಡುವ ಕಂಪನಿಗೆ ಒಂದು ಕಾಗದ ಬರೆದುಕೊಡು ಎಂದು ನನ್ನ ಮುಂದೆ ಕೂತರು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ತಿರುಗಿಸುವ ವೇಗ ಕಡಿಮೆ ಮಾಡಿ. ಒಂದೇ ಸಲ ಸುರಿಯಬೇಡಿ, ಹನಿ ಹನಿಯಾಗಿ ಬಿಡಿ. ನೀರು ಶುದ್ಧವಾಗಿರಲಿ. ಹೀಗೆ ಎರಡು ಪುಟ. ಮಾಸ್ತರಿಕೆಯ ಚಟಕ್ಕೆ ನಾನು ಅಲ್ಲಲ್ಲಿ ವಿಭಕ್ತಿ ಪ್ರತ್ಯಯ ಸರಿ ಮಾಡಿದೆ. ಕೊನೆಗೆ ಏನು ಬರೆಯಲಿ ಎಂದು ಕೇಳಿದೆ. ಬರೆದ ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ಹೇಳಿದರು.

"ನಿಮ್ಮ ಕಾಳು ಚೆನ್ನಾಗೈತೆ, ದಾರಿ ತಪ್ತಾ ಐತೆ, ದಯವಿಟ್ಟು ನೋಡಿ ಅಂತ ಬರೀ."

ಅದನ್ನು ಮಾತ್ರ ನಾನು ತಿದ್ದದೆ ಹಾಗೆಯೇ ಬರೆದೆ. ಕಾಗದಕ್ಕೆ ಉತ್ತರ ಬರಲಿಲ್ಲ, ಬರುತ್ತದೆ ಎಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ.

ಕೊನೆಯ ವಾರಗಳಲ್ಲಿ ನಾನು ರಜೆ ಹಾಕಿ ಅಲ್ಲೇ ಇದ್ದೆ. ಒಂದು ಬೆಳಿಗ್ಗೆ ಭಾವ ಹೊಲಕ್ಕೆ ಹೋಗಿದ್ದಾಗ ಅಕ್ಕನ ಮೈ ಒರೆಸುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ, "ನಾನು ಹೋದ ಮೇಲೆ ಅವರ ಕಣ್ಣಿನ ಆಪರೇಷನ್ ಮಾಡಿಸು" ಅಂದಳು.

"ಯಾವ ಕಣ್ಣು?"

"ಎರಡೂ. ಪೊರೆ ಬಂದು ಎಷ್ಟು ಕಾಲ ಆಯ್ತೋ. ನನ್ನ ಆಸ್ಪತ್ರೆ ಓಡಾಟದಲ್ಲಿ ಮುಂದಕ್ಕೆ ಹಾಕ್ಕೊಂಡೇ ಬಂದ್ರು. ಅವರಿಗೆ ನೀಲಿ ಕಾಣಲ್ಲ ಕಣೇ. ನೀಲಿ ಎಲ್ಲಾ ಬೂದಿ."

ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಸ್ವೆಟರ್ ನೆನಪಾಯಿತು. ಮೆಷಿನ್ ಜೊತೆಯ ಜಗಳ ನೆನಪಾಯಿತು. ಬಗ್ಗಿ ನಿಂತು, ಒಂದು ಕಣ್ಣು ಮುಚ್ಚಿ, ಐತೆ ಎಂದು ಹೇಳಿದ್ದೆಲ್ಲ ನೆನಪಾಯಿತು.

"ಹಾಗಾದ್ರೆ ಆ ಚೀಲದಲ್ಲಿ..."

"ಏನೂ ಕಂಡಿಲ್ಲ ಅವರಿಗೆ. ಒಂದು ಸಲಾನೂ."

"ಯಾವಾಗ ಗೊತ್ತಾಯ್ತು ನಿನಗೆ?"

"ಮೊದಲನೇ ದಿನವೇ."

"ಮತ್ತೆ ಪ್ರತಿ ಸಲ ಯಾಕೆ ಕೇಳ್ತಿದ್ದೆ?"

ಅಕ್ಕ ನನ್ನನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದಳು. "ಕೇಳ್ದೆ ಇದ್ರೆ ಅವರಿಗೆ ಹೆದ್ರಿಕೆ ಆಗ್ತಿತ್ತು. ಕೇಳಿದ್ರೆ ಐತೆ ಅನ್ನೋಕೆ ಒಂದು ಕೆಲಸ ಇರ್ತಿತ್ತು." ಸ್ವಲ್ಪ ಹೊತ್ತು ಉಸಿರೆಳೆದುಕೊಂಡು, "ಅವರಿಗೆ ಹೇಳ್ಬೇಡ. ನಾನು ನಂಬಿದ್ದೆ ಅಂತಲೇ ಇರ್ಲಿ" ಎಂದಳು.

ರಾಗಿ ತೆನೆ ಕಟ್ಟುವ ಹೊತ್ತಿಗೆ ಅಕ್ಕ ಹೋದಳು. ಅವಳು ಕಾಯಿಲೆ ಮುಚ್ಚಿಟ್ಟುಕೊಂಡು ಬಿತ್ತಿಸಿದ ರಾಗಿ ಹೋದ ವರ್ಷದ್ದು, ಇದು ಅವಳಿಲ್ಲದ ರಾಗಿ. ಮಲಗಿಸಿದಾಗಲೂ ಹಣೆಯ ಸ್ಟಿಕ್ಕರು ಇತ್ತು. ಭಾವ ಬಗ್ಗಿ ಹೆಬ್ಬೆರಳಿಟ್ಟು ಒತ್ತಿದರು.

ಮೂರು ತಿಂಗಳಾದ ಮೇಲೆ ನಾನು ಅವರನ್ನು ಎಳೆದುಕೊಂಡು ಹೋಗಿ ಕಣ್ಣಿನ ಆಪರೇಷನ್ ಮಾಡಿಸಿದೆ. ಒಳಗಿಡುವ ಮಸೂರ ಯಾವುದರದ್ದು ಎಂದು ಕಣ್ಣಿನ ಡಾಕ್ಟರನ್ನು ಕೇಳಿ, ಅದೂ ಒಂದು ಅಕ್ರಿಲಿಕ್ ಪಾಲಿಮರ್ ಎಂದು ತಿಳಿದ ಮೇಲೆ, "ನಮ್ಮ ಪೈಕಿಯದೇ" ಎಂದು ಒಪ್ಪಿದರು. ಪಟ್ಟಿ ಬಿಚ್ಚಿದ ಮಾರನೆಯ ದಿನ ನಾನು ಅನುಗೊಂಡನಹಳ್ಳಿಗೆ ಹೋದಾಗ ಭಾವ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಅಕ್ಕನ ಎರಡು ಸ್ವೆಟರ್ ಇದ್ದವು.

"ಇದು ನೀಲಿ," ಎಂದು ಒಂದನ್ನು ಎತ್ತಿ ತೋರಿಸಿದರು. "ಇಷ್ಟು ನೀಲಿ ಐತಾ ಇದು?"

ನಾನು ಪಕ್ಕದಲ್ಲಿ ಕೂತೆ.

"ಮೆಷಿನ್ ಸರಿಯಾಗೇ ಇತ್ತು ಮೇಷ್ಟ್ರಮ್ಮ. ಜಗಳ ಆಡಿ ಮನೆಗೆ ಬಂದ ದಿನವೇ ನಂಗೆ ಗೊತ್ತಾಯ್ತು. ಆಮೇಲೆ ನಿಮ್ಮಕ್ಕ ಕೇಳಿದಾಗೆಲ್ಲ ನಾನು ಸುಳ್ಳು ಹೇಳ್ದೆ. ಒಂದು ಸಲಾನೂ ಕಾಣ್ಲಿಲ್ಲ ನಂಗೆ. ಪಾಪ, ಅವಳು ನಂಬ್ಕೊಂಡು ಮಲಗ್ತಿದ್ಲು."

ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು.

"ಹೌದು ಭಾವ," ಅಂದೆ. "ನಂಬಿದ್ದಳು."

ಅವರು ತಲೆ ಅಲ್ಲಾಡಿಸಿದರು. ನಾನು ಎದ್ದು ಒಳಗೆ ಹೋಗಿ ಮಜ್ಜಿಗೆ ಮಾಡಿದೆ. ನನ್ನ ಮಜ್ಜಿಗೆ ಯಾವಾಗಲೂ ನೀರು, ಅಕ್ಕ ಬೈಯುತ್ತಿದ್ದಳು. ಎರಡು ಗಾಜಿನ ಲೋಟದಲ್ಲಿ ತಂದು ಒಂದನ್ನು ಅವರ ಕೈಗೆ ಕೊಟ್ಟೆ. ಭಾವ ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಓರೆ ಮಾಡಲಿಲ್ಲ. ಎಲ್ಲರಂತೆ ನೇರವಾಗಿ ಬಾಯಿಗೆ ತೆಗೆದುಕೊಂಡು ಹೋದರು. ಇಷ್ಟು ವರ್ಷ ಯಾವುದು ಆಗಲಿ ಎಂದು ಹಂಬಲಿಸಿದ್ದೆನೋ ಅದು ಆಗುತ್ತಿತ್ತು, ನನಗೆ ನೋಡಲು ಆಗಲಿಲ್ಲ.

ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಲೋಟವನ್ನು ಕಿಟಕಿಯ ಕಡೆ ತಿರುಗಿಸಿ ಓರೆ ಮಾಡಿದೆ.

"ನೀಲಿ ಐತಾ ಭಾವ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಲೋಟ ನೋಡಿದರು. ಒಂದು ಕಣ್ಣು ಮುಚ್ಚಿದರು. ತೆಳ್ಳನೆಯ ಮಜ್ಜಿಗೆ ಗಾಜಿನ ಮೇಲೆ ಇಳಿದು ಮುಗಿಯುವವರೆಗೂ ನೋಡಿದರು.

"ಐತೆ," ಅಂದರು. "ಈ ಸಲ ನಿಜವಾಗ್ಲೂ ಐತೆ."